ಕಡತ ಮತ್ತು ಕುಂಚ

ಕಲಾಪ್ರದರ್ಶನಗಳ ಕರಪತ್ರಗಳಲ್ಲಿ ಚಿತ್ರಕಾರರ ಹೆಸರಿನ ಕೆಳಗೆ ‘ಸ್ವತಂತ್ರ ಕಲಾವಿದ’ ಎಂಬ ಮಾತು ಅಚ್ಚಾಗಿರುವುದನ್ನು ಕೇಳುಗರು ಕಂಡಿರಬಹುದು. ಕೇಳುವುದಕ್ಕೆ ಗಂಭೀರವಾದ ಮಾತು. ಆದರೆ ಆ ಕಲಾವಿದನ ಮನೆಗೆ ಹೋಗಿ, ಜಗಲಿಯ ಮೇಲೆ ಕುಳಿತ ಅವನ ತಂದೆಯನ್ನು ‘ಮಗ ಏನು ಮಾಡಿಕೊಂಡಿದ್ದಾನೆ?’ ಎಂದು ವಿಚಾರಿಸಿದರೆ, ‘ಇನ್ನೂ ಎಲ್ಲಿಯೂ ಕೆಲಸ ಹತ್ತಿಲ್ಲ’ ಎಂಬ ಉತ್ತರ ಬರುತ್ತದೆ. ಒಂದೇ ಸ್ಥಿತಿಗೆ ಈ ಎರಡು ಹೆಸರುಗಳು. ಇವುಗಳ ನಡುವಿನ ಅಂತರದಲ್ಲಿ ಬದುಕುವವರ ಪಾಡು ಏನು, ಅವರು ಕಲಿಯಬೇಕಾದುದು ಏನು, ಅವರು ಗುರಿಯಾಗಿ ಇಟ್ಟುಕೊಳ್ಳಬಹುದಾದದ್ದು ಏನು ಎಂಬುದು ಈ ಭಾಷಣದ ವಿಷಯ. ಮೂವತ್ತು ವರ್ಷಕ್ಕೂ ಮಿಕ್ಕು ತಿಂಗಳ ಮೊದಲ ದಿನ ಸಂಬಳ ಎಣಿಸಿದವನೂ, ಈಗ ಅದೇ ದಿನ ನಿವೃತ್ತಿವೇತನ ಎಣಿಸುವವನೂ ಆದ ನಾನು ಈ ವಿಷಯವನ್ನು ಕುರಿತು ಮಾತನಾಡುವುದು ದಡದಲ್ಲಿ ನಿಂತು ಈಜು ಕಲಿಸಿದಂತೆ ಎಂದು ಯಾರಾದರೂ ನಕ್ಕರೆ ನನ್ನ ಆಕ್ಷೇಪಣೆಯಿಲ್ಲ. ಆದರೆ ಹೊಸಪೇಟೆಯ ಸೀಮೆಯಲ್ಲಿ ಬಹುಕಾಲ ಬಾಳಿದವನಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಸಾಧ್ಯವಿಲ್ಲ. ನಮ್ಮ ಸಾಹಿತ್ಯದಲ್ಲಿ ನೌಕರಿ ಬಿಟ್ಟು ಹೊರಟ ಮೊದಲ ಪ್ರಸಿದ್ಧ ಕಲಾವಿದ ಬಂದು ನೆಲೆಸಿದ್ದು ಹಂಪೆಯಲ್ಲಿಯೇ.

ನಾನು ಹೇಳುತ್ತಿರುವುದು ಹರಿಹರ ಕವಿಯ ಸಂಗತಿ. ಆತ ಹೊಯ್ಸಳ ನರಸಿಂಹಬಲ್ಲಾಳನ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂದು, ಎಂದರೆ ಲೆಕ್ಕ ಬರೆಯುವವನಾಗಿದ್ದನೆಂದು, ಪರಂಪರೆ ಹೇಳುತ್ತದೆ. ದೋರಸಮುದ್ರದಲ್ಲಿ ಲೆಕ್ಕ ಬರೆಯುತ್ತ ಕುಳಿತಿದ್ದಾಗ ಹಂಪೆಯಲ್ಲಿ ವಿರೂಪಾಕ್ಷನ ಮುಂದಣ ತೆರೆಗೆ ದೀಪದ ಕಿಡಿ ತಗುಲಿತಂತೆ; ಇಲ್ಲಿ ಕುಳಿತ ಹರಿಹರ ಕೈಯಲ್ಲಿದ್ದ ಕಡತವನ್ನೇ ಉಜ್ಜಿ ಅಲ್ಲಿಯ ಬೆಂಕಿಯನ್ನು ಆರಿಸಿದನಂತೆ. ಕಡತವೆಂದರೆ ಇಂದಿನ ಕಿರಿಯರಿಗೆ ಕಚೇರಿಯ ಫೈಲು. ಅಂದಿನ ಕಡತ ಬೇರೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಾಡಿದ ಕರಿಯ ಪುಸ್ತಕ ಅದು. ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸುವುದು. ಹರಿಹರ ಅಂದು ಉಜ್ಜಿದಾಗ ಬರೆದ ಲೆಕ್ಕವೂ ಅಳಿಸಿಹೋಗಿರಬೇಕು. ಅರಸನಿಗೆ ಸಿಟ್ಟು ಬಂದಿದ್ದರೆ ಆಶ್ಚರ್ಯವಿಲ್ಲ. ಮುಂದೆ ಆತ ಹಂಪೆಗೆ ಬಂದ. ಮನುಷ್ಯರನ್ನು ಹೊಗಳಿ ಹಾಡುವುದಿಲ್ಲವೆಂಬ ನಿಯಮ ತೊಟ್ಟ.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನಾವು ಅಧ್ಯಾಪಕರು ಭಕ್ತಿಯನ್ನು ವಿವರಿಸಿ ಮುಂದೆ ಸಾಗುತ್ತೇವೆ. ನನಗೆ ಅದಕ್ಕಿಂತ ಹೆಚ್ಚಿನದೆಂದು ತೋರುವುದು, ನೌಕರಿ ಬಿಟ್ಟ ಮೇಲೆ ಆತ ಮಾಡಿದ ಕೆಲಸ. ಆಸ್ಥಾನಕ್ಕೆ ಪ್ರಿಯವಾಗಿದ್ದ ಕಾವ್ಯರೂಪ ಚಂಪು. ಅದು ಆತನಿಗೆ ಬಾರದೆ ಇರಲಿಲ್ಲ. ‘ಗಿರಿಜಾಕಲ್ಯಾಣ’ವೇ ಅದಕ್ಕೆ ಸಾಕ್ಷಿ. ಆದರೂ ಆತ ತನ್ನ ಬಾಳಿನ ಬಲವನ್ನೆಲ್ಲ ಸುರಿದದ್ದು ರಗಳೆಗೆ. ಓಡುವ, ನಿಲ್ಲದ, ಉಸಿರು ಕಟ್ಟಿಸುವ ಆ ಛಂದಸ್ಸಿನಲ್ಲಿ ಆತ ಹಾಡಿದ್ದು ಅರಸರನ್ನಲ್ಲ. ಕುಂಬಾರ ಗುಂಡಯ್ಯನಂಥವರನ್ನು. ಗುಂಡಯ್ಯ ಮಡಕೆಯನ್ನು ತಟ್ಟುವ ಸದ್ದಿಗೆ ಶಿವನೇ ಬಂದು ಕುಣಿದನೆಂಬ ಕಥೆಯನ್ನು ಕೇಳುಗರು ಬಲ್ಲರು. ಒಬ್ಬ ಕಸುಬುದಾರ ತನ್ನ ಕಸುಬನ್ನು ಮಾಡುತ್ತಿರುವುದೇ ಅಲ್ಲಿ ಕಾವ್ಯವಸ್ತು. ಆಸ್ಥಾನದಲ್ಲಿ ಕುಳಿತು ಬರೆದಿದ್ದರೆ ಗುಂಡಯ್ಯನಿಗೆ ಒಳಗೆ ಪ್ರವೇಶ ಸಿಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ನೌಕರಿ ಬಿಟ್ಟದ್ದು ದೊಡ್ಡದಲ್ಲ. ಬಿಟ್ಟ ಮೇಲೆ ಕೆಲಸದ ರೂಪವೇ ಬದಲಾಯಿತಲ್ಲ, ಅದು ದೊಡ್ಡದು. ಇಂದು ಸ್ವತಂತ್ರ ಕಲಾವಿದರೆಂದು ಹೇಳಿಕೊಂಡು, ಸಂಬಳಕ್ಕೆ ಬರೆಯುತ್ತಿದ್ದ ಚಿತ್ರವನ್ನೇ ಸಂಬಳವಿಲ್ಲದೆ ಬರೆಯುವವರು ಇದ್ದಾರೆ. ಅವರಿಗೆ ಸಿಕ್ಕಿರುವುದು ಬಿಡುವು ಮಾತ್ರ.

ಒಡೆಯನನ್ನು ಬಿಟ್ಟ ಮಾತ್ರಕ್ಕೆ ಬಂಧನ ಹರಿಯುವುದೂ ಇಲ್ಲ. ಹರಿಹರನ ಸೋದರಳಿಯ ರಾಘವಾಂಕ ‘ಹರಿಶ್ಚಂದ್ರಕಾವ್ಯ’ವನ್ನು ರಚಿಸಿ ಹಂಪೆಯ ದೇವರಾಜನ ಸಭೆಯಲ್ಲಿ ಓದಿ ಮೆಚ್ಚುಗೆ ಪಡೆದು ಬಂದಾಗ, ನರನೊಬ್ಬನನ್ನು ಹಾಡಿದನೆಂದು ಮಾವ ಕೆರಳಿ ಹೊಡೆದ ಪೆಟ್ಟಿಗೆ ಅವನ ಹಲ್ಲುಗಳು ಉದುರಿದವೆಂದೂ, ಶಿವಶರಣರ ಚರಿತ್ರೆಗಳನ್ನು ಬರೆದ ಮೇಲೆ ಅವು ಮರಳಿ ಬಂದವೆಂದೂ ಐತಿಹ್ಯ. ಮಾವ ತನಗೆ ತಾನೇ ತೊಟ್ಟುಕೊಂಡ ನಿಯಮ ಅಳಿಯನಿಗೆ ಸೆರೆಯಾಯಿತು. ಕನ್ನಡಿಗರು ಈ ಜಗಳದಲ್ಲಿ ಸದ್ದಿಲ್ಲದೆ ಅಳಿಯನ ಪಕ್ಷ ವಹಿಸಿದ್ದಾರೆ. ರಾಘವಾಂಕನ ಕೃತಿಗಳಲ್ಲಿ ಇಂದಿಗೂ ಹೆಚ್ಚು ಜನ ಓದುವುದು, ಕಣ್ಣೀರು ಹಾಕುವುದು, ಆ ಹಲ್ಲು ಕಳೆದ ಕಾವ್ಯಕ್ಕೇ.

ಹರಿಹರನಾದ ಮೇಲೆ ಕೆಲವು ಶತಮಾನಗಳಿಗೆ ಇದೇ ಹಂಪೆಯಲ್ಲಿ ಇನ್ನೊಂದು ಮಾದರಿ ಕಾಣಿಸಿಕೊಂಡಿತು. ನವಕೋಟಿ ನಾರಾಯಣನೆನಿಸಿದ್ದ ವ್ಯಾಪಾರಿ ಎಲ್ಲವನ್ನೂ ಬಿಟ್ಟು ಪುರಂದರದಾಸರಾದರು. ವಿಜಯವಿಠ್ಠಲ ದೇವಾಲಯಕ್ಕೆ ಸಮೀಪದಲ್ಲಿ, ತುಂಗಭದ್ರೆಯ ದಂಡೆಯಲ್ಲಿರುವ ಮಂಟಪಕ್ಕೆ ಅವರ ಹೆಸರೇ ಇದೆ. ದಾಸರದು ಮಧುಕರವೃತ್ತಿ. ದುಂಬಿ ಹೂವಿನಿಂದ ಹೂವಿಗೆ ಹೋದಂತೆ ಮನೆಯಿಂದ ಮನೆಗೆ ಹೋಗುವುದು, ಹಾಡುವುದು, ಕೊಟ್ಟದ್ದನ್ನು ಪಡೆಯುವುದು. ಎಷ್ಟೆಂದು ಕೇಳುವಂತಿಲ್ಲ.

ಹೀಗೆ ನಮ್ಮ ಪರಂಪರೆ ಕಲಾವಿದನಿಗೆ ಎರಡು ದಾರಿಗಳನ್ನು ತೋರಿಸಿದೆ: ಅರಸನ ಉಂಬಳಿ, ಇಲ್ಲವೆ ಗೃಹಸ್ಥನ ಭಿಕ್ಷೆ. ಎರಡರಲ್ಲಿಯೂ ಘನತೆಯುಂಟು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಎರಡರಲ್ಲಿಯೂ ಎಷ್ಟು ಕೊಡಬೇಕೆಂಬುದನ್ನು ನಿರ್ಧರಿಸುವವನು ಕೊಡುವವನೇ. ‘ನನ್ನ ಕೆಲಸಕ್ಕೆ ಇಷ್ಟು’ ಎಂದು ಕಲಾವಿದ ಬಾಯಿ ಬಿಟ್ಟು ಹೇಳುವ ಮಾತಿಗೆ ಈ ಎರಡು ದಾರಿಗಳಲ್ಲಿ ಸ್ಥಳವಿಲ್ಲ. ಇಂದಿನ ನಮ್ಮ ಸ್ವತಂತ್ರ ಕಲಾವಿದನ ನಾಲಗೆ ತಡವರಿಸುವುದು ಇದೇ ಮಾತಿನ ಬಳಿ ಬಂದಾಗ. ಅದಕ್ಕೆ ಅವನೊಬ್ಬನ ಸಂಕೋಚ ಮಾತ್ರ ಕಾರಣವಲ್ಲ. ಹಿಂದಿನ ಎಷ್ಟೋ ತಲೆಮಾರುಗಳ ಮೌನ ಅದರ ಬೆನ್ನಿಗಿದೆ.

ಬೇರೆ ದೇಶಗಳಲ್ಲಿ ಇದು ಸುಲಭವಾಗಿತ್ತೆಂದು ತಿಳಿಯಬೇಕಾಗಿಲ್ಲ. 1509ರಲ್ಲಿ ಕೃಷ್ಣದೇವರಾಯ ಸಿಂಹಾಸನವೇರಿದ. ಮರುವರ್ಷ ವಿರೂಪಾಕ್ಷ ದೇವಾಲಯದ ರಂಗಮಂಟಪದ ಶಾಸನ ಹುಟ್ಟಿತು. ಅದೇ 1509ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದ ಚಿತ್ರಕಾರ ಆಲ್ಬ್ರೆಖ್ಟ್ ಡ್ಯೂರರ್ ಫ್ರಾಂಕ್‌ಫರ್ಟಿನ ವರ್ತಕ ಯಾಕೋಬ್ ಹೆಲ್ಲರನೊಡನೆ ಪತ್ರಗಳಲ್ಲಿ ಕಾದಾಡುತ್ತಿದ್ದ. ಇಗರ್ಜಿಯೊಂದಕ್ಕೆ ದೊಡ್ಡ ಚಿತ್ರ ಬರೆದುಕೊಡಲು 130 ಫ್ಲೋರಿನ್‌ಗಳಿಗೆ ಒಪ್ಪಂದವಾಗಿತ್ತು. ಕೆಲಸ ಬೆಳೆಯಿತು, ದುಬಾರಿ ನೀಲಿ ಬಣ್ಣ ಹಿಡಿಯಿತು, ತಿಂಗಳುಗಳು ಉರುಳಿದವು. ಚಿತ್ರಕಾರ 200 ಕೇಳಿದ, ಕೊನೆಗೆ ಪಡೆದ. ಪಡೆದರೂ ಆತನ ಮನಸ್ಸು ಮುರಿದಿತ್ತು. ಇಂಥ ಕೆಲಸವನ್ನು ಇನ್ನು ಮುಟ್ಟುವುದಿಲ್ಲ, ಈ ಕಾಲವನ್ನೆಲ್ಲ ತಾಮ್ರದ ಫಲಕ ಕೊರೆಯುವುದಕ್ಕೆ ಕೊಟ್ಟಿದ್ದರೆ ಸಾವಿರ ಫ್ಲೋರಿನ್ ಹೆಚ್ಚು ಗಳಿಸುತ್ತಿದ್ದೆ ಎಂಬ ಅರ್ಥದಲ್ಲಿ ಬರೆದ. ಹೇಳಿದಂತೆ ಆತ ಅಚ್ಚಿನ ಚಿತ್ರಗಳ ಕಡೆಗೆ ಹೆಚ್ಚಾಗಿ ತಿರುಗಿದ. ಆತನ ಹೆಂಡತಿ ಆಗ್ನೆಸ್ ಅವುಗಳನ್ನು ಜಾತ್ರೆಗಳಿಗೆ ಒಯ್ದು ಮಾರುತ್ತಿದ್ದಳು. ಒಬ್ಬ ದೊಡ್ಡ ಗಿರಾಕಿಯ ಬದಲಿಗೆ ನೂರು ಸಣ್ಣ ಗಿರಾಕಿಗಳು. ಈ ಲೆಕ್ಕವನ್ನು ಆತ ನಷ್ಟದಿಂದ ಕಲಿತ, ಆದರೆ ಕಲಿತ.

ನಮ್ಮಲ್ಲಿ ಈ ಪಾಠ ಎಷ್ಟು ತಡವಾಗಿ ಬಂದಿತೆಂಬುದಕ್ಕೆ ಕೆ. ವೆಂಕಟಪ್ಪನವರ ಬಾಳು ಉದಾಹರಣೆ. ಮೈಸೂರು ಸೀಮೆಯಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ವೀಣೆಯನ್ನೂ ಕುಂಚವನ್ನೂ ಸಮನಾಗಿ ಸಾಧಿಸಿದವರು ಅವರು. ಅರಮನೆಗಾಗಿ ಉಬ್ಬುಚಿತ್ರಗಳನ್ನು ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ ತೀರಿಕೊಂಡ ಮೇಲೆ ಆ ಕೆಲಸದ ಸಂಭಾವನೆಯ ಮಾತು ನ್ಯಾಯಾಲಯದವರೆಗೂ ಹೋಯಿತು. ಮೆಚ್ಚಿದ ಒಡೆಯ ಇರುವ ತನಕ ಮೆಚ್ಚುಗೆಯೇ ಕರಾರುಪತ್ರ. ಆತ ಇಲ್ಲವಾದ ದಿನ ಕಲಾವಿದನ ಕೈಯಲ್ಲಿ ಏನಿದೆ? ಬೆಂಗಳೂರಿನ ಚಿತ್ರಶಾಲೆಗೆ ಇಂದು ವೆಂಕಟಪ್ಪನವರ ಹೆಸರಿದೆ. ಅಲ್ಲಿ ನೀಲಗಿರಿಯ ಜಲವರ್ಣಗಳನ್ನು ನೋಡುವವರಿಗೆ ಈ ವ್ಯಾಜ್ಯದ ನೆನಪು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಕುಂಚ ಹಿಡಿದು ಬದುಕಬೇಕೆನ್ನುವ ತರುಣನಿಗೆ ಮಾತ್ರ ಅದು ತಿಳಿದಿರಬೇಕು.

ಮತ್ತೆ ನಮ್ಮ ನದಿಯ ದಂಡೆಗೆ ಬರೋಣ. ತುಂಗಭದ್ರೆಯ ಆಚೆ, ಕೊಪ್ಪಳದ ಸಮೀಪದಲ್ಲಿ ಕಿನ್ನಾಳವೆಂಬ ಊರಿದೆ. ಅಲ್ಲಿಯ ಚಿತ್ರಗಾರ ಮನೆತನದವರು ತಮ್ಮ ಹಿರಿಯರು ವಿಜಯನಗರದ ಆಶ್ರಯದಲ್ಲಿದ್ದವರೆಂದೂ, ವಿರೂಪಾಕ್ಷನ ರಂಗಮಂಟಪದ ಮೇಲ್ಚಾವಣಿಯ ಚಿತ್ರಗಳು ತಮ್ಮವರ ಕೈಕೆಲಸವೆಂದೂ ನಂಬುತ್ತಾರೆ. ಆ ಚಿತ್ರಗಳ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ನಂಬಿಕೆ ಅವರದು, ಅದಕ್ಕೆ ಅದರದೇ ಬೆಲೆ. 1565ರಲ್ಲಿ ಪಟ್ಟಣ ಹಾಳಾದ ಮೇಲೆ ಇಂಥ ಕಸುಬುದಾರರಿಗೆ ಒಬ್ಬ ಒಡೆಯನೆಂಬುದು ಉಳಿಯಲಿಲ್ಲ. ಊರೂರಿನ ಗ್ರಾಮದೇವತೆಗಳು, ಮದುವೆಮನೆಗಳು, ಮಕ್ಕಳು, ಇವರೇ ಒಡೆಯರಾದರು. ಅವರ ಕೆಲಸದ ಬಗೆ ಕೇಳುವಂತಿದೆ. ಹಗುರವಾದ ಮರವನ್ನು ಕೆತ್ತುತ್ತಾರೆ. ಗೋಣಿಯ ಚಿಂದಿಯನ್ನು ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟನ್ನೂ ಹುಣಿಸೆಬೀಜದ ಸರಿಯನ್ನೂ ಕಲಸಿ ‘ಕಿಟ್ಟ’ವೆಂಬ ಮುದ್ದೆ ಮಾಡುತ್ತಾರೆ. ಅದನ್ನು ಬೊಂಬೆಯ ಮೈಗೆ ಸವರಿ, ಮೇಲೆ ಬಟ್ಟೆಯ ಚೂರುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಕೊಟ್ಟು, ಒಡವೆಗಳನ್ನು ಉಬ್ಬಾಗಿ ಎಬ್ಬಿಸಿ, ಆಮೇಲೆ ಬಣ್ಣ. ಹರಿಹರನ ಕಡತವನ್ನು ಗಟ್ಟಿಯಾಗಿ ನಿಲ್ಲಿಸಿದ್ದೂ ಇದೇ ಹುಣಿಸೆಬೀಜವೆಂಬುದು ನನಗೆ ಸೋಜಿಗ. ಕೊನೆಯ ಬಣ್ಣ ಮಾತ್ರ ಕೊಳ್ಳುವವನ ಕಣ್ಣಿಗೆ ಬೀಳುತ್ತದೆ. ಅದರ ಕೆಳಗಿನ ಮೂರು ನಾಲ್ಕು ಪದರಗಳ ದಿನಗಳನ್ನು ಅವನು ಎಣಿಸುವುದಿಲ್ಲ. ಎಣಿಸಿ ಹೇಳಬೇಕಾದವನು ಮಾಡಿದವನೇ.

ಎಣಿಸಿ ಹೇಳುವ ವಿದ್ಯೆಯನ್ನು ನಾನು ಸ್ಪಷ್ಟವಾಗಿ ಕಂಡದ್ದು ವಿದ್ವಾಂಸರಲ್ಲಿ ಅಲ್ಲ, ಚಿತ್ರಕಾರರಲ್ಲಿಯೂ ಅಲ್ಲ. ಹೊಸಪೇಟೆಯಿಂದ ದಕ್ಷಿಣಕ್ಕೆ ಹೋದರೆ ಸಿಗುವ ಮರಿಯಮ್ಮನಹಳ್ಳಿಯ ರಂಗನಟಿಯರಲ್ಲಿ. ನಮ್ಮ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಯ ಕಾಲಕ್ಕೆ ಯುವಕರು ಸೇರಿ ನಾಟಕ ಕಲಿಯುತ್ತಾರೆ. ಹಾರ್ಮೋನಿಯಂ ಮಾಸ್ತರರು ಬಂದು ತಿಂಗಳುಗಟ್ಟಲೆ ಕಲಿಸುತ್ತಾರೆ. ಪರದೆಗಳು ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಗಳಿಗೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಒಪ್ಪಿಸಿ ಕರೆತರುತ್ತಾರೆ. ಆಕೆ ಬರುವುದು ನಾಟಕದ ದಿನ. ಎದುರು ಪಾತ್ರಧಾರಿಯ ಮುಖವನ್ನು ಮೊದಲ ಸಲ ನೋಡುವುದೇ ಬಣ್ಣ ಹಚ್ಚುವ ಹೊತ್ತಿನಲ್ಲಿ. ಆದರೂ ಹತ್ತಾರು ನಾಟಕಗಳ ಮಾತು, ಹಾಡು ಆಕೆಯ ನಾಲಗೆಯ ಮೇಲಿವೆ. ಎದುರಿನವನು ಮಾತು ಮರೆತರೆ ಅವನ ಮಾತನ್ನೂ ತನ್ನದರೊಳಗೆ ಸೇರಿಸಿಕೊಂಡು ಕಥೆಯನ್ನು ದಡ ಮುಟ್ಟಿಸುತ್ತಾಳೆ. ಬೆಳಗಿನ ಜಾವ ಬಣ್ಣ ಅಳಿಸಿ, ಮೊದಲ ಬಸ್ಸು ಹಿಡಿದು ಮನೆಗೆ. ಮರುರಾತ್ರಿ ಇನ್ನೊಂದು ಊರು.

ಅಂಥ ಒಬ್ಬ ಹಿರಿಯ ಕಲಾವಿದೆಯೊಡನೆ ಹಿಂದೊಮ್ಮೆ ಮಾತನಾಡುವ ಸಂದರ್ಭ ನನಗೆ ಒದಗಿತ್ತು. ಆಕೆಯ ನಿಯಮಗಳು ಕಡಿಮೆ, ಆದರೆ ಕಟ್ಟುನಿಟ್ಟು. ಮುಂಗಡ ಕೈಗೆ ಬಾರದೆ ದಿನಾಂಕ ಬರೆದುಕೊಳ್ಳುವುದಿಲ್ಲ. ಉಳಿದ ಹಣ ಬಣ್ಣ ಹಚ್ಚುವ ಮೊದಲೇ ಬರಬೇಕು. ಒಪ್ಪಿದ ಊರಿಗೆ ಹೋಗದೆ ಇರುವುದಿಲ್ಲ, ಎರಡರಷ್ಟು ಕೊಡುತ್ತೇವೆಂದು ಇನ್ನೊಂದು ಊರಿನವರು ಬಂದು ನಿಂತರೂ. ‘ಬಣ್ಣ ಹಚ್ಚಿದ ಮೇಲೆ ರೊಕ್ಕದ ಮಾತು ಆಡಬಾರದು ಸರ್’ ಎಂದರು ಆಕೆ, ‘ಹಚ್ಚಿದ ಮೇಲೆ ನಾನು ಸಾವಿತ್ರಿ ಆಗಿರತೀನಿ. ಸಾವಿತ್ರಿ ರೊಕ್ಕ ಕೇಳಬಾರದು.’ ಕಲೆಯ ಪಾವಿತ್ರ್ಯವನ್ನೂ ಹಣದ ಮಾತನ್ನೂ ಇಷ್ಟು ಚೊಕ್ಕವಾಗಿ ಬೇರೆ ಬೇರೆ ಇಟ್ಟ ವ್ಯಾಖ್ಯಾನವನ್ನು ನಾನು ಯಾವ ಅಲಂಕಾರಶಾಸ್ತ್ರದಲ್ಲಿಯೂ ಓದಿಲ್ಲ. ಹಣದ ಮಾತು ಕೊಳಕೆಂದು ಅದನ್ನು ಕೊನೆಗೆ ತಳ್ಳುವುದು ನಮ್ಮಂಥ ಸುಶಿಕ್ಷಿತರ ಪದ್ಧತಿ. ಆಕೆ ಅದೇ ಕಾರಣಕ್ಕಾಗಿ ಅದನ್ನು ಮೊದಲೇ ಮುಗಿಸುತ್ತಿದ್ದರು.

ಇದೇ ಮರಿಯಮ್ಮನಹಳ್ಳಿಯ ಮಾತಾ ಮಂಜಮ್ಮ ಜೋಗತಿಯವರನ್ನು ಈಗ ನಾಡೇ ಬಲ್ಲದು. ಜೋಗತಿಯ ಬದುಕು ಎಂದರೆ ಯಲ್ಲಮ್ಮನ ಹೆಸರಿನಲ್ಲಿ ಚೌಡಿಕೆಯ ನಾದದೊಡನೆ ಮನೆಮನೆಗೆ ಹೋಗಿ ಜೋಗ ಬೇಡುವುದು. ಅವರು ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯವನ್ನು ಕಲಿತು, ಅದನ್ನು ರಂಗದ ಮೇಲೆ ನಿಲ್ಲಿಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಬಂದಿತು. ಪ್ರಶಸ್ತಿಗಳಿಗಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೊಂದು. ಹೊಸ್ತಿಲ ಮುಂದೆ ಹಾಡಿದಾಗ ಕೈಗೆ ಬೀಳುತ್ತಿದ್ದುದು ಭಿಕ್ಷೆ. ಅದೇ ಕುಣಿತ, ಅದೇ ಪದ, ಅದೇ ತಲೆಯ ಮೇಲಿನ ಕೊಡ ರಂಗಕ್ಕೆ ಬಂದಾಗ ಅದರ ಹೆಸರು ಸಂಭಾವನೆ. ನಾನು ಮೊದಲು ಹೇಳಿದ ಎರಡು ದಾರಿಗಳ ಜೊತೆಗೆ ಮೂರನೆಯದೊಂದು ಇಲ್ಲಿ ಕಾಣುತ್ತದೆ: ಕೊಡುವವರೂ ಪಡೆಯುವವರೂ ಎದುರುಬದುರು ಕುಳಿತು ಮೊತ್ತವನ್ನು ಗೊತ್ತು ಮಾಡುವ ದಾರಿ. ಇದನ್ನು ಕಡಿದವರು ಪಂಡಿತರಲ್ಲ. ಸಮಾಜ ತನ್ನ ಅಂಚಿನಲ್ಲಿ ನಿಲ್ಲಿಸಿದ್ದ ಹೆಂಗಸರು, ಜೋಗತಿಯರು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎಂ.ಎ. ಮುಗಿಸಿ, ಆಮೇಲೆ ಚಿತ್ರಕಲೆ ಕಲಿತು, ಕೆಲವು ವರ್ಷಗಳಿಂದ ಹಂಪೆಯ ಸುತ್ತಲೇ ಸ್ವತಂತ್ರವಾಗಿ ದುಡಿಯುತ್ತಿದ್ದಾನೆ. ಪ್ರವಾಸಿಗಳಿಗೆ ರೇಖಾಚಿತ್ರ, ಹೋಟೆಲುಗಳಿಗೆ ಗೋಡೆಚಿತ್ರ, ಪುಸ್ತಕಗಳಿಗೆ ರಕ್ಷಾಪುಟ. ಬಂದ ಕೆಲಸ ಬಿಡುವುದಿಲ್ಲ. ಒಂದು ಸಂಸ್ಥೆಯವರು ಅವನಿಂದ ಉದ್ದನೆಯ ಗೋಡೆಯೊಂದಕ್ಕೆ ವಿಜಯನಗರದ ಮೆರವಣಿಗೆಯನ್ನು ಬರೆಯಿಸಿದರು. ಮುಗಿದ ಮೇಲೆ ಶಾಲು ಹೊದಿಸಿದರು, ಹಾರ ಹಾಕಿದರು, ನಿಮ್ಮ ಹೆಸರು ಎಲ್ಲರಿಗೂ ತಿಳಿಯುತ್ತದೆ ಎಂದರು. ಹಣ ಮಾತ್ರ ಎಂಟು ತಿಂಗಳಾದರೂ ಪೂರ್ತಿ ಬರಲಿಲ್ಲ. ಅವನು ನನ್ನ ಬಳಿಗೆ ಬಂದದ್ದು ದೂರಲು ಅಲ್ಲ. ಖಾಯಂ ನೌಕರಿಯೊಂದು ಕರೆದಿತ್ತು, ಸೇರಬೇಕೋ ಬೇಡವೋ ಎಂದು ಕೇಳಲು. ಮನೆಯಲ್ಲಿ ಚಿಕ್ಕ ಮಗುವಿದೆ. ಸಂಬಳ ತಿಂದವನು ಇನ್ನೊಬ್ಬನಿಗೆ ಉಪವಾಸದ ಹಿರಿಮೆಯನ್ನು ಬೋಧಿಸುವುದು ನಾಚಿಕೆಗೇಡು. ಆದ್ದರಿಂದ ನಾನು ಉಪದೇಶ ಮಾಡಲಿಲ್ಲ. ಹಿಂದಿನ ತಿಂಗಳ ದಿನಗಳನ್ನು ಒಂದು ಹಾಳೆಯ ಮೇಲೆ ಬರೆ ಎಂದೆ.

ಬರೆದ. 30 ದಿನಗಳಲ್ಲಿ ಕುಂಚ ಹಿಡಿದದ್ದು 13 ದಿನ. ಬಣ್ಣ, ಕಾಗದ ತರಲು ಹೋದದ್ದು 3. ಹಣ ಕೇಳಲು ಅಲೆದದ್ದು 9. ಉಳಿದ 5 ದಿನ ಕೆಲಸಕ್ಕಾಗಿ ಕಾದದ್ದು, ಜ್ವರ, ನೆಂಟರು. ಯಾರಿಗಾಗಿಯೂ ಅಲ್ಲದೆ ತನಗಾಗಿ ಬರೆದದ್ದು? ಆ ಸಾಲಿನಲ್ಲಿ ಸೊನ್ನೆಯಿತ್ತು. ಕೂಡಿಸಿ ನೋಡಿದಾಗ ಅವನೇ ಬೆಚ್ಚಿದ. ಅವನು ತನ್ನ ಕೆಲಸದ ಬೆಲೆಯನ್ನು 13 ದಿನಗಳ ಮೇಲೆ ಕಟ್ಟುತ್ತಿದ್ದ. ಬದುಕುತ್ತಿದ್ದುದು 30 ದಿನ. ಹಣ ಕೇಳಲು ಅಲೆಯುವ ದಿನವೂ ದುಡಿಮೆಯ ದಿನವೇ, ಅದರ ಕೂಲಿಯನ್ನು ಗಿರಾಕಿಯೇ ಕೊಡಬೇಕು. ಇಲ್ಲವೆ ಮೊದಲೇ ಮುಂಗಡ ಕೊಟ್ಟು ಆ ಅಲೆದಾಟವನ್ನು ತಪ್ಪಿಸಬೇಕು. ಮರಿಯಮ್ಮನಹಳ್ಳಿಯ ಸಾವಿತ್ರಿಯ ಮಾತನ್ನು ನಾನು ಅವನಿಗೆ ಹೇಳಿದೆ.

ಆ ಮೇಲೆ ಅವನು ಮಾಡಿಕೊಂಡ ಏರ್ಪಾಡು ಸರಳವಾದದ್ದು. ಕೆಲಸದ ಅಳತೆ, ಬೆಲೆ, ಕೊಡುವ ದಿನ, ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿಯೇ ಬರೆದು ಇಬ್ಬರೂ ರುಜು ಹಾಕುವುದು. ಮೂರರಲ್ಲಿ ಒಂದು ಪಾಲು ಮುಂಗಡ. ಹಾಳೆಗೆ ರುಜು ಹಾಕಲು ಒಲ್ಲದವರ ಕೆಲಸವನ್ನು ನಮಸ್ಕರಿಸಿ ಬಿಡುವುದು. ಮೊದಲ ಆರು ತಿಂಗಳು ಗಿರಾಕಿಗಳು ಕಡಿಮೆಯಾದರು, ಮನೆಯಲ್ಲಿ ಮಾತುಗಳೂ ಆದವು. ಆಮೇಲೆ ಉಳಿದವರು ನಿಂತರು. ನೌಕರಿಗೆ ಅವನು ಸೇರಲಿಲ್ಲ. ಸೇರಿದ್ದರೂ ನಾನು ಅವನನ್ನು ಸೋತವನೆಂದು ಕರೆಯುತ್ತಿರಲಿಲ್ಲ. ಸಂಬಳದ ಕೆಲಸದಲ್ಲಿದ್ದೇ ಮನಸ್ಸನ್ನು ಮಾರಿಕೊಳ್ಳದೆ ಬರೆದವರ ಸಾಲು ನಮ್ಮ ಸಾಹಿತ್ಯದಲ್ಲಿ ಚಿಕ್ಕದಲ್ಲ.

ಇನ್ನು ಗುರಿಯ ಮಾತು. ಹೊಟ್ಟೆ ತುಂಬುವುದು ಗುರಿಯಲ್ಲ, ಷರತ್ತು. ಅದರಾಚೆಗೆ ನಾನು ಮೊದಲು ಬಯಸುವುದು ಹೆಸರನ್ನು. ಕೀರ್ತಿ ಎಂಬ ಅರ್ಥದಲ್ಲಿ ಅಲ್ಲ. ಈ ಕೆಲಸ ಈ ಕೈಯದು ಎಂಬ ಗುರುತು. ಡ್ಯೂರರ್ ತನ್ನ ಅಚ್ಚಿನ ಚಿತ್ರಗಳಲ್ಲಿ ಹೆಸರಿನ ಎರಡು ಅಕ್ಷರಗಳ ಗುರುತು ಹಾಕುತ್ತಿದ್ದ. ವಿರೂಪಾಕ್ಷನ ಮೇಲ್ಚಾವಣಿಯಲ್ಲಿ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆ ಇದೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನನಿದ್ದಾನೆ, ಶಿವನಿಗೆ ಗುರಿಯಿಟ್ಟ ಮನ್ಮಥನಿದ್ದಾನೆ. ಬರೆದವನ ಹೆಸರು ನಮಗೆ ತಿಳಿದಿಲ್ಲ. ಅದು ಹಳೆಯ ಕಾಲವೆಂದು ಸುಮ್ಮನಾಗೋಣವೆಂದರೆ, 2023ರ ಜುಲೈ ತಿಂಗಳಲ್ಲಿ ಜಿ-20 ಸಭೆ ಹಂಪೆಯಲ್ಲಿ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1755 ಕಸೂತಿ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯಾಯಿತು. ಕನ್ನಡಿ ಚೂರು, ಕವಡೆ, ಕೆಂಪು ನೀಲಿ ನೂಲು. ಕಣ್ಣು ತಣಿಯುವ ಕೆಲಸ. ಸಂಖ್ಯೆ ಲೋಕಕ್ಕೆಲ್ಲ ತಿಳಿಯಿತು. ಆ 1755ರಲ್ಲಿ ಯಾವ ತುಣುಕು ಯಾವ ತಾಯಿಯ ಕೈಯದೆಂಬುದನ್ನು ನಮ್ಮಲ್ಲಿ ಎಷ್ಟು ಜನ ಕೇಳಿದೆವು? ಅಂಚಿನಲ್ಲಿ ಒಂದು ಹೆಸರನ್ನು ಹೊಲಿಯಲು ಎರಡು ಗೇಣು ನೂಲು ಸಾಕು.

ಎರಡನೆಯದು, ಯಾರೂ ಕೇಳದ ಒಂದು ಕೆಲಸವನ್ನು ಇಟ್ಟುಕೊಳ್ಳುವುದು. ನನ್ನ ವಿದ್ಯಾರ್ಥಿಯ ಹಾಳೆಯಲ್ಲಿ ಸೊನ್ನೆಯಿದ್ದ ಸಾಲು ನನ್ನನ್ನು ಹೆಚ್ಚು ಕಾಡಿತ್ತು. ಈಚೆಗೆ ಅವನು ಅಲ್ಲಿ ವಾರಕ್ಕೆ ಒಂದು ದಿನ ಬರೆದಿದ್ದಾನೆ. ಆ ದಿನದ ಖರ್ಚನ್ನು ಉಳಿದ ಆರು ದಿನಗಳ ಬೆಲೆಯಲ್ಲಿ ಸೇರಿಸಿದ್ದಾನೆ. ಪ್ರತಿ ಸೋಮವಾರ ನಸುಕಿನಲ್ಲಿ, ಜನಸಂದಣಿ ಸೇರುವ ಮೊದಲು, ರಂಗಮಂಟಪದ ಕಂಬಕ್ಕೊರಗಿ ಕುತ್ತಿಗೆ ಎತ್ತಿ ಕುಳಿತು ಮೇಲ್ಚಾವಣಿಯ ಚಿತ್ರಗಳನ್ನು ಒಂದೊಂದಾಗಿ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಾನೆ. ಹೊಗೆ ಹಿಡಿದು ಮಸುಕಾದ ಕಡೆ ಊಹಿಸಿ ತುಂಬುವುದಿಲ್ಲ, ಖಾಲಿ ಬಿಡುತ್ತಾನೆ. ಕೊಳ್ಳುವವರು ಯಾರೂ ಇಲ್ಲ, ಕೇಳಿದವರೂ ಇಲ್ಲ. ಕಳೆದ ತಿಂಗಳು ನೋಡಿದಾಗ ಅವನು ಗಿರಿಜೆಯ ಕಲ್ಯಾಣದ ಫಲಕಕ್ಕೆ ಬಂದಿದ್ದ.